ಬಿಸಿಲಿಗೆ ಹಾಕಿದ ಪುಟಗಳು

ನಮ್ಮೂರಿನಲ್ಲಿ ಅಚ್ಚಾದ ಸುಳ್ಳು ಕಾಗದದ ಮೇಲೆ ನಿಲ್ಲುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಬಿಸಿಲು ಕಂಡರೆ ಸಾಕು, ನಿಜವಲ್ಲದ ಮಾತಿನ ಅಕ್ಷರಗಳು ಸಡಿಲವಾಗಿ ಕರಿಎಳ್ಳಿನ ಹಾಗೆ ಕೆಳಗೆ ಉದುರುತ್ತವೆ. ಹಾಗಾಗಿ ನಮ್ಮಲ್ಲಿ ಮದುವೆಯ ಕರೆಯೋಲೆಗಳು ಬಹಳ ಚಿಕ್ಕವು. ಮಗನ ಹೆಸರಿನ ಮುಂದೆ 'ಸದ್ಗುಣಸಂಪನ್ನ' ಎಂದು ಹಾಕಿಸುವ ಧೈರ್ಯ ಯಾವ ತಂದೆಗೂ ಇಲ್ಲ. ಚುನಾವಣೆಯ ಕರಪತ್ರಗಳನ್ನು ಮಾರನೆಯ ದಿನ ಮಕ್ಕಳು ಮಗ್ಗಿ ಬರೆಯಲು ಒಯ್ಯುತ್ತಾರೆ, ಎರಡೂ ಬದಿ ಖಾಲಿ ಇರುತ್ತದೆ. ಕೈಬರಹಕ್ಕೆ ಮಾತ್ರ ಈ ತೊಂದರೆ ಇಲ್ಲ. ಕೈಯಲ್ಲಿ ಬರೆದ ಸುಳ್ಳು ನೂರು ವರ್ಷ ಬಾಳುತ್ತದೆ, ಅದಕ್ಕೇ ನಮ್ಮೂರಿನ ಪ್ರೇಮಪತ್ರಗಳು ಅಷ್ಟು ಉದ್ದ. ಕಥೆ ಬರೆಯುವವರೂ ಇದ್ದಾರೆ. ಅವರು ಮೊದಲ ಪುಟದಲ್ಲಿ 'ಇದು ಕಥೆ' ಎಂದು ಅಚ್ಚು ಹಾಕಿಸಿಬಿಡುತ್ತಾರೆ. ಆ ಒಂದು ಮಾತು ನಿಜವಾದ್ದರಿಂದ ಅದರ ನಂತರ ಬರುವುದೆಲ್ಲ ಗಟ್ಟಿಯಾಗಿ ಕೂತಿರುತ್ತದೆ.

ತಮ್ಮ ಬದುಕನ್ನು ತಾವೇ ಬರೆದು, ತಾವೇ ಅಚ್ಚು ಹಾಕಿಸಿದವರು ನನಗೆ ತಿಳಿದಂತೆ ಇಬ್ಬರೇ. ಒಬ್ಬರು ನಿವೃತ್ತ ಅಮಲ್ದಾರರು. ಅವರ ಇನ್ನೂರು ಪುಟಗಳು ಬಿಸಿಲಿನಿಂದ ಇಳಿದಾಗ ಹುಟ್ಟಿದ ತಾರೀಕು, ವರ್ಗವಾದ ಊರುಗಳ ಹೆಸರು ಮತ್ತು ಒಂದು ಹಲ್ಲುನೋವಿನ ಪ್ರಸಂಗ ಉಳಿದಿದ್ದವು. ಇನ್ನೊಬ್ಬರು ಸಂಗೀತದ ಮೇಷ್ಟ್ರು. ಅವರದು ಹೆಚ್ಚುಕಡಿಮೆ ಪೂರ್ತಿ ಉಳಿಯಿತು, ಆದರೆ 'ಕೃತಜ್ಞತೆಗಳು' ಎಂಬ ಪುಟದಲ್ಲಿ ತಲೆಬರಹ ಬಿಟ್ಟರೆ ಏನೂ ಇರಲಿಲ್ಲ. ನಮ್ಮೂರಿನ ಯಾವ ಪುಸ್ತಕ ತೆಗೆದರೂ ಹೆಚ್ಚು ಬಿಳಿ ಇರುವುದು ಆ ಪುಟವೇ.

ಮೂರನೆಯವಳು ನಾನು, ಸರ್ವಮಂಗಳಾ. ಮೂವತ್ತನಾಲ್ಕು ವರ್ಷ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಹಸುಗಳಿಗೆ ಸೂಜಿ ಚುಚ್ಚಿದ್ದೇನೆ, ಎಮ್ಮೆಗಳ ಬಾಯಿಗೆ ಬಿದಿರಿನ ಗೊಟ್ಟ ಇಟ್ಟು ಔಷಧಿ ಹಾಕಿದ್ದೇನೆ, ಎಡಗಾಲಿನ ಮೂಳೆ ಎರಡು ಸಲ ಮುರಿಸಿಕೊಂಡಿದ್ದೇನೆ. ನಿವೃತ್ತಳಾದ ಮೇಲೆ ಆರು ನೋಟುಬುಕ್ಕು ತುಂಬ ನನ್ನ ಕಥೆ ಬರೆದು 'ಒದೆ ತಿಂದು ಕಲಿತದ್ದು' ಎಂದು ಹೆಸರಿಟ್ಟೆ. ನಮ್ಮವರು ಮೊದಲ ನೋಟುಬುಕ್ಕು ಓದಿ ಕನ್ನಡಕ ತೆಗೆದರು.

"ಚೆನ್ನಾಗಿದೆ ಕಣೇ. ಆದ್ರೆ ಇದನ್ನ ಓದೋರು ಯಾರು? ಹಸುಗಳಾ?"

"ನೀವು ಓದಿದ್ರಲ್ಲ," ಎಂದೆ.

"ನಾನು ಹೆದರಿಕೊಂಡು ಓದಿದ್ದು, ನನ್ನ ಬಗ್ಗೆ ಏನು ಬರೆದಿದೀಯೋ ಅಂತ."

ಅವರು ತಮಾಷೆ ಮಾಡಿದರೂ ಅವರಿಗೆ ಗೊತ್ತಿತ್ತು. ನಾನು ಆರು ನೋಟುಬುಕ್ಕು ಬರೆದದ್ದು ಒಂದು ಪುಟಕ್ಕಾಗಿ. ಹದಿನೇಳನೆಯ ವಯಸ್ಸಿನಲ್ಲಿ ನನ್ನನ್ನು ನಲವತ್ತೊಂದು ವರ್ಷದ ಒಬ್ಬ ವಿಧುರನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಅಪ್ಪ ಅಮ್ಮ ಇಲ್ಲದ ಮನೆ. ಅಣ್ಣ ಮಾತು ಕೊಟ್ಟಿದ್ದ. ಸಂಬಂಧ ತಂದವರು ನನ್ನ ಅತ್ತಿಗೆ, ಗಂಡು ಅವರ ತವರಿನ ಕಡೆಯವನು. ಇನ್ನು ಹದಿನೈದು ದಿನ ಇದೆ ಎನ್ನುವಾಗ ಗಂಡಿನ ಕಡೆಯವರು ಮದುವೆ ಬೇಡ ಎಂದು ಹೇಳಿಕಳಿಸಿದರು. ಹುಡುಗಿಗೆ ಮೂರ್ಛೆರೋಗ ಇದೆಯೆಂದು ಯಾರೋ ಕಾಗದ ಬರೆದಿದ್ದಾರಂತೆ. ನನಗೆ ಯಾವ ಮೂರ್ಛೆಯೂ ಇರಲಿಲ್ಲ. ಅಣ್ಣ ಮನೆ ಹಾರಿಹೋಗುವ ಹಾಗೆ ಕೂಗಾಡಿದ. ಮರುದಿನ ಶಾಲೆಗೆ ಹೋದರೆ ನಮ್ಮ ಕೋಕಿಲಾ ಟೀಚರು ನನ್ನ ತಲೆ ಸವರಿ "ಇನ್ನು ನಿಶ್ಚಿಂತೆಯಿಂದ ಓದು" ಎಂದರು. ಆ ಕ್ಷಣದಿಂದ ಆ ಕಾಗದ ಬರೆದ ಕೈ ಯಾವುದೆಂದು ನನಗೆ ಅನುಮಾನವೇ ಉಳಿಯಲಿಲ್ಲ. ಮೂರ್ಛೆಯ ಸುದ್ದಿ ಊರೆಲ್ಲ ಹಬ್ಬಿ ಹನ್ನೆರಡು ವರ್ಷ ಒಂದು ಸಂಬಂಧವೂ ಬರಲಿಲ್ಲ. ಅಷ್ಟರಲ್ಲಿ ನಾನು ಓದಿದೆ, ಕೆಲಸ ಹಿಡಿದೆ, ಆಮೇಲೆ ಎತ್ತಿಗೆ ಹೊಟ್ಟೆಯುಬ್ಬರ ಎಂದು ಆಸ್ಪತ್ರೆಗೆ ಬಂದ ಒಬ್ಬ ಮನುಷ್ಯನನ್ನು ನಾನೇ ಮೆಚ್ಚಿ ಮದುವೆಯಾದೆ. ನನ್ನ ಬದುಕು ನನ್ನದಾದದ್ದು ಆ ಒಂದು ಕಾಗದದಿಂದ. ಕೋಕಿಲಾ ಟೀಚರು ತೀರಿಕೊಳ್ಳುವ ಮೊದಲು ಇದನ್ನು ಅವರ ಎದುರು ಹೇಳಲಾಗಲಿಲ್ಲ. ಅಚ್ಚಿನಲ್ಲಾದರೂ ಹೇಳಬೇಕು, ನಮ್ಮೂರಿನ ಬಿಸಿಲಿನಲ್ಲಿ ನಿಂತು ತೋರಿಸುವ ಹಾಗೆ ಹೇಳಬೇಕು ಎನ್ನುವುದೇ ನನ್ನ ಆಸೆ.

ಅಚ್ಚಿನ ಕೆಲಸ ಮಾಡುವವಳು ಜುಬೇದಾ. ಅಪ್ಪನಿಂದ ಬಂದ ಮುದ್ರಣಾಲಯವನ್ನು ಒಬ್ಬಳೇ ನಡೆಸುತ್ತಾಳೆ. ಬಾಯಲ್ಲಿ ಲವಂಗ, ಬೆರಳ ತುದಿಯಲ್ಲಿ ಮಸಿ. ಅವಳು ಅಚ್ಚಿನ ಮೊಳೆ ಜೋಡಿಸಿ ಒಂದು ಪ್ರತಿ ತೆಗೆದು, ಪುಟಗಳನ್ನು ಹಿತ್ತಲಿನ ಹಗ್ಗದ ಮೇಲೆ ಕ್ರಮವಾಗಿ ನೇತುಹಾಕುತ್ತಾಳೆ. ಅದಕ್ಕೆ ಬಿಸಿಲಿಗೆ ಹಾಕುವುದು ಎನ್ನುತ್ತೇವೆ. ಅಂದು ಹಿತ್ತಲ ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಬಂದು ಓದಬಹುದು. ಸಂಜೆ ಉಳಿದದ್ದೇ ಪುಸ್ತಕ. ಉದುರಿದ್ದನ್ನು ಜುಬೇದಾ ಗುಡಿಸಿ ಹಾಕುತ್ತಾಳೆ.

ನನ್ನ ಪುಟಗಳು ಬಿಸಿಲಿಗೆ ಬಿದ್ದ ದಿನ ಸುಮಾರು ಜನ ಸೇರಿದ್ದರು. ಪಶು ಆಸ್ಪತ್ರೆಯವಳ ಪುಸ್ತಕವಲ್ಲವೇ, ತಮ್ಮ ಹಸುವಿನ ಹೆಸರಿದೆಯೋ ಎಂದು ನೋಡಲು ಬಂದವರೇ ಹೆಚ್ಚು. ಹತ್ತು ಗಂಟೆಗೆ ಮೊದಲ ಅಕ್ಷರ ಉದುರಿತು. 'ಕೆಲಸಕ್ಕೆ ಸೇರಿದ ದಿನ ನನಗೆ ಸ್ವಲ್ಪವೂ ಭಯವಾಗಲಿಲ್ಲ' ಎಂಬ ಸಾಲು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ 'ನಮ್ಮ ಯಜಮಾನರು ಒಂದು ದಿನವೂ ಗೊರಕೆ ಹೊಡೆದವರಲ್ಲ' ಎಂಬುದು ಉದುರಿತು. ಅದನ್ನು ಅವರೇ ಒತ್ತಾಯಿಸಿ ಬರೆಸಿದ್ದು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಮೆಲ್ಲಗೆ ನನ್ನ ಹಿಂದೆ ಸರಿದರು.

ಒಂದು ಗಂಟೆಯ ಹೊತ್ತಿಗೆ ನಲವತ್ತೊಂದನೆಯ ಪುಟದ ಕೆಳಗೆ ನೆಲ ಕಪ್ಪಾಗತೊಡಗಿತು. ನಾನು ಹತ್ತಿರ ಹೋಗಿ ನೋಡಿದೆ. 'ಕೋಕಿಲಾ ಟೀಚರು ಗಂಡಿನ ಮನೆಗೆ ಕಾಗದ ಬರೆದು ನನ್ನ ಮದುವೆಯನ್ನು ತಪ್ಪಿಸಿದರು' ಎಂಬ ಸಾಲು ನನ್ನ ಕಣ್ಣೆದುರೇ ಬೋಳಾಯಿತು. ಮೊದಲ ಪುಟದ ಅರ್ಪಣೆಗೆ ಓಡಿದೆ. 'ನನ್ನನ್ನು ಕಾಪಾಡಿದ ಕೋಕಿಲಾ ಟೀಚರಿಗೆ' ಎಂದು ಹಾಕಿಸಿದ್ದೆ. 'ಕೋಕಿಲಾ ಟೀಚರಿಗೆ' ಎಂಬಷ್ಟೇ ಅಲ್ಲಿತ್ತು. ಅದರ ಹಿಂದಿನದು ಇರಲಿಲ್ಲ.

ಯಾರೂ ನಗಲಿಲ್ಲ. ಹಿಂದಿನಿಂದ ಯಾರೋ ಒಬ್ಬ ಹೆಂಗಸು ಪಿಸುಗುಟ್ಟಿದ್ದು ಕೇಳಿಸಿತು: "ಪಾಪ, ಸತ್ತೋದೋರ ಹೆಸರಲ್ಲಿ ಹಿಂಗಾ ಬರ್ಕೊಳೋದು?" ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಲವತ್ತಾರು ವರ್ಷ ನಾನು ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಬದುಕಿದ್ದೆ. ಅದು ಸುಳ್ಳು ಎಂದರೆ ನನ್ನ ಕೆಳಗಿನ ನೆಲವೇ ಸರಿದಂತೆ. ಅವಮಾನಕ್ಕಿಂತ ಹೆಚ್ಚಾಗಿ ನನ್ನನ್ನು ಕುಕ್ಕಿದ್ದು ಬೇರೆ ಪ್ರಶ್ನೆ. ಟೀಚರಲ್ಲ ಎಂದರೆ ಯಾರು? ನನಗೆ ಬದುಕು ಕೊಟ್ಟ ಒಬ್ಬರು ಎಲ್ಲೋ ಇದ್ದಾರೆ ಅಥವಾ ಇದ್ದರು, ಅವರಿಗೆ ನಾನು ಒಂದು ಒಳ್ಳೆಯ ಮಾತನ್ನೂ ಹೇಳಿಲ್ಲ. ನನಗೀಗ ಅರವತ್ತಮೂರು. ಅವರಿಗೆ ಎಷ್ಟಾಗಿರಬಹುದು?

ಜನ ಚದುರಿದ ಮೇಲೆ ಜುಬೇದಾ ಟೀ ತಂದುಕೊಟ್ಟಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಮೊದಲ ಪುಟದಲ್ಲಿ 'ಇದು ಕಥೆ' ಅಂತ ಒಂದು ಸಾಲು ಸೇರಿಸ್ತೀನಿ. ನಾಳೆ ಮತ್ತೆ ಬಿಸಿಲಿಗೆ ಹಾಕಿದ್ರೆ ಎಲ್ಲಾ ಹಾಗೇ ನಿಲ್ಲುತ್ತೆ. ಟೀಚರೂ ನಿಲ್ತಾರೆ."

ನಮ್ಮವರೂ ತಲೆಯಾಡಿಸಿದರು. ನಿಜ ಹೇಳುತ್ತೇನೆ, ನಾನು ಟೀ ಮುಗಿಯುವವರೆಗೆ ಅದನ್ನೇ ಯೋಚಿಸಿದೆ. ಎರಡು ಪದ, ಅಷ್ಟೇ. ಆದರೆ ಅದು ಕಥೆಯಾದರೆ ನನ್ನ ಮುರಿದ ಕಾಲೂ ಕಥೆ, ನಮ್ಮವರೂ ಕಥೆ, ನಾನೂ ಕಥೆ. ನನಗೆ ಬೇರೆ ಉಪಾಯ ಹೊಳೆಯಿತು.

"ಜುಬೇದಾ, ಸಣ್ಣ ಸಣ್ಣ ಚೀಟಿ ಅಚ್ಚು ಹಾಕಿಕೊಡು. ಒಂದೊಂದು ಚೀಟಿಗೆ ಒಂದೊಂದು ಹೆಸರು. 'ಮಂಗಳಳ ಮದುವೆ ತಪ್ಪಿಸಿದ್ದು ಇಂಥವರು' ಅಂತ. ಹೆಡ್ಮಾಸ್ಟರು, ಪಕ್ಕದ ಮನೆ ಅಜ್ಜಿ, ಪೋಸ್ಟ್‌ಮ್ಯಾನು, ಎಲ್ಲಾರದ್ದೂ. ಯಾವುದು ನಿಲ್ಲುತ್ತೋ ನೋಡೋಣ."

ಅವಳು ಲವಂಗ ಅಗಿಯುವುದನ್ನು ನಿಲ್ಲಿಸಿದಳು. "ಅಕ್ಕಾ, ಅದೊಂದು ಕೇಳ್ಬೇಡಿ. ಗೊತ್ತಿಲ್ಲದ್ದನ್ನ ಅಚ್ಚು ಹಾಕಿ ನೋಡೋದು ನಮ್ಮಪ್ಪ ಮಾಡ್ಲಿಲ್ಲ, ನಾನೂ ಮಾಡಲ್ಲ. ಇವತ್ತು ನೀವು ಒಳ್ಳೇದಕ್ಕೇ ಕೇಳ್ತೀರಿ. ನಾಳೆ ಇನ್ನೊಬ್ಬ ಬಂದು ನನ್ನ ಹೆಂಡ್ತಿ ಹೆಸರು ಹಾಕಿ ನೋಡು ಅಂತಾನೆ. ಆಮೇಲೆ ಈ ಊರಲ್ಲಿ ಜನ ಇರೋಕಾಗುತ್ತಾ? ತಿಳ್ಕೋಬೇಕು ಅಂದ್ರೆ ಹೋಗಿ ಕೇಳಿ. ಕಾಲು ಇದೆಯಲ್ಲ."

"ಯಾರನ್ನ ಕೇಳ್ಲಿ?"

"ಅದು ನನಗೇನು ಗೊತ್ತು? ಪುಟಗಳನ್ನ ತಗೊಂಡು ಹೋಗಿ. ಮನೇಲಿ ಕೂತು ಇನ್ನೊಂದು ಸಲ ಓದಿ. ಎಲ್ಲಾರೂ ಉದುರಿದ್ದನ್ನ ನೋಡಿ ಅಳ್ತಾರೆ, ಉಳಿದಿದ್ದನ್ನ ಓದಲ್ಲ."

ಮನೆಗೆ ತಂದು ಓದಿದೆ. ಅತ್ತಿಗೆಯ ಬಗ್ಗೆ ನಾನು ಕಾರಿದ ವಿಷವೆಲ್ಲ ಅಲುಗಾಡದೆ ನಿಂತಿತ್ತು. 'ಹಬ್ಬದ ದಿನವೂ ನನಗೆ ಹಿಂದಿನ ದಿನದ ಹಳಸಿದ ಅನ್ನ ಹಾಕಿದಳು' ನಿಂತಿತ್ತು. 'ಈ ಸಂಬಂಧ ತಂದವಳು ಅವಳೇ' ನಿಂತಿತ್ತು. ಅಣ್ಣ ತೀರಿಕೊಂಡ ದಿನ ಅಂಗಳದಲ್ಲಿ ಹತ್ತು ಜನರ ಎದುರು ನಾನು ಅತ್ತಿಗೆಗೆ 'ನನ್ನಣ್ಣನನ್ನು ನೀವೇ ತಿಂದಿರಿ' ಎಂದದ್ದನ್ನು ಹೆಮ್ಮೆಯಿಂದ ಬರೆದುಕೊಂಡಿದ್ದೆ, ಅದೂ ನಿಂತಿತ್ತು. ಅವತ್ತಿನಿಂದ ಇಪ್ಪತ್ತೆಂಟು ವರ್ಷ ನಾವು ಮಾತಾಡಿಲ್ಲ. ಒಂದೇ ಊರು. ಸಂತೆಯಲ್ಲಿ ಎದುರಾದರೆ ನಾನು ಬದನೆಕಾಯಿ ಆರಿಸುತ್ತ ತಲೆ ಬಗ್ಗಿಸುತ್ತಿದ್ದೆ.

ಐವತ್ತೆಂಟನೆಯ ಪುಟದಲ್ಲಿ ಕೈ ನಿಂತಿತು. 'ಅವಳ ಬಾಯಿಗೆ ಹೆದರಿ ತವರಿನವರೂ ಅವಳನ್ನು ಹಬ್ಬಕ್ಕೆ ಕರೆಯುತ್ತಿರಲಿಲ್ಲ' ಎಂದು ಬರೆದಿದ್ದೆ. ಮೊದಲರ್ಧ ಉದುರಿಹೋಗಿತ್ತು. ತವರಿನವರು ಕರೆಯದೆ ಇದ್ದದ್ದು ನಿಜ, ಅವರ ಬಾಯಿಗೆ ಹೆದರಿ ಅಲ್ಲ. ಹಾಗಾದರೆ ಯಾಕೆ? ನಾನು ಒಮ್ಮೆಯೂ ಕೇಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತಿಗೆ ಪ್ರತಿ ಗೌರಿ ಹಬ್ಬಕ್ಕೂ ತವರಿಗೆ ಹೋಗುತ್ತಿದ್ದರು, ಅಲ್ಲಿಂದ ನನಗೆ ಚಕ್ಕುಲಿ ತರುತ್ತಿದ್ದರು. ಅದು ಯಾವ ವರ್ಷ ನಿಂತಿತು? ಬೆರಳು ಮಡಿಚಿ ಎಣಿಸಿದೆ. ನನ್ನ ಮದುವೆ ತಪ್ಪಿದ ವರ್ಷ.

ಮರುದಿನ ಬೆಳಿಗ್ಗೆ ಎಣ್ಣೆ ಗಾಣದ ಹಿಂದಿನ ಬೀದಿಗೆ ಹೋದೆ. ಅತ್ತಿಗೆ ಅಂಗಳದಲ್ಲಿ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದರು. ಪಕ್ಕದಲ್ಲಿ ಕಾಗೆ ಓಡಿಸುವ ಕೋಲು. ಎಪ್ಪತ್ತು ದಾಟಿದರೂ ಬೆನ್ನು ನೆಟ್ಟಗಿತ್ತು. ಒಳಗೆ ಅವರ ಸೊಸೆ ಮಿಕ್ಸಿ ತಿರುಗಿಸುವ ಸದ್ದು. ನನ್ನನ್ನು ನೋಡಿ ಅವರ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಯಾರದು, ಮಂಗಳಾನಾ? ಇವತ್ತು ಮಳೆ ಬಂದೇ ಬರುತ್ತೆ. ಸಂಡಿಗೆ ಇಟ್ಟಿದ್ದು ದಂಡ."

ನಾನು ಕೂರಲಿಲ್ಲ. ಕೂತರೆ ಕೇಳುವ ಧೈರ್ಯ ಹೋಗುತ್ತದೆ ಎನಿಸಿತು. "ಅತ್ತಿಗೆ, ನಿಮ್ಮ ತವರಿನವರು ನಿಮ್ಮನ್ನ ಯಾಕೆ ಕರೀತಿರ್ಲಿಲ್ಲ?"

"ಇಪ್ಪತ್ತೆಂಟು ವರ್ಷ ಆದ್ಮೇಲೆ ಬಂದೋಳು ಚೆನ್ನಾಗಿದೀರಾ ಅಂತ ಕೇಳಲ್ವಾ?"

"ಚೆನ್ನಾಗಿದೀರಾ?"

"ಮಂಡಿ ನೋವು." ಅವರು ಇನ್ನೊಂದು ಸಂಡಿಗೆ ಇಟ್ಟರು. "ನಿನ್ನ ಪುಸ್ತಕ ಉದುರಿತಂತೆ. ನನ್ನ ಸೊಸೆ ನೋಡ್ಕೊಂಡು ಬಂದ್ಲು. ಟೀಚರಮ್ಮನ ಮಾತು ನಿಲ್ಲಲಿಲ್ಲ ಅಂದ್ಲು. ಅವಾಗ್ಲೇ ಅಂದ್ಕೊಂಡೆ, ಇವಳು ಬರ್ತಾಳೆ ಅಂತ. ಬರದೇ ಇದ್ರೆ ಸಾಕಪ್ಪಾ ಅಂತಾನೂ ಅಂದ್ಕೊಂಡೆ."

"ನೀವೇನಾ?"

ಕಾಗೆಯೊಂದು ಬಂತು, ಅತ್ತಿಗೆ ಕೋಲೆತ್ತಿ ಓಡಿಸಿದರು. ಆಮೇಲೆ ಸಂಡಿಗೆಯ ಕಡೆಗೇ ನೋಡುತ್ತ ಹೇಳತೊಡಗಿದರು.

"ಸಂಬಂಧ ತಂದಿದ್ದು ನಾನೇ. ಹೊಲ ಇತ್ತು, ಮನೆ ಇತ್ತು, ನೀನು ನಮ್ಮ ಕಡೆ ಬಂದ್ರೆ ನನಗೂ ಜೊತೆ ಅಂತ ಆಸೆ ಇತ್ತು. ಲಗ್ನಕ್ಕೆ ಇಪ್ಪತ್ತು ದಿನ ಇರೋವಾಗ ಅವರ ಮನೇಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಅವನ ಮೊದಲನೇ ಹೆಂಡ್ತಿ ಮಗು ಒಂದಿತ್ತು, ಆರು ವರ್ಷದ್ದು. ನಾನು ಮೇಲಿರೋ ತಟ್ಟೆ ತಗೊಳ್ಳೋಕೆ ಅಂತ ಕೈ ಎತ್ತಿದೆ. ಆ ಮಗು ಎರಡೂ ಕೈಯಿಂದ ತಲೆ ಮುಚ್ಕೊಂಡು ಮೂಲೇಗೆ ಕೂತ್ಬಿಡ್ತು. ನಾನು ಮತ್ತೆ ಕೈ ಎತ್ತಿ ನೋಡಿದೆ, ಬೇಕೂಂತ. ಮತ್ತೆ ಮುಚ್ಕೊಳ್ತು. ಆ ಹೆಂಡ್ತಿ ಜ್ವರ ಬಂದು ಸತ್ಲು ಅಂತ ಹೇಳಿದ್ರು ನಮಗೆ."

ಮಿಕ್ಸಿ ನಿಂತಿತ್ತು. ಸೊಸೆ ಬಾಗಿಲಿಗೆ ಬಂದು ನಿಂತಳು.

"ನಿಮ್ಮಣ್ಣನಿಗೆ ಹೇಳಿದ್ರೆ ಕೇಳ್ತಿರ್ಲಿಲ್ಲ. ಮಾತು ಕೊಟ್ಟಾಗಿತ್ತು, ಮೇಲಾಗಿ ನಾನೇ ತಂದಿದ್ದು. ಅದಕ್ಕೆ ಅಮ್ಮನಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ಬಸ್ ಹತ್ತಿದೆ. ಕಾಗದ ಗೀಗದ ಎಲ್ಲಾ ಏನೂ ಇಲ್ಲ ಕಣೇ, ನನಗೆ ಅಕ್ಷರ ಎಲ್ಲಿ ಬರುತ್ತೆ? ಅವರ ಜಗಲಿ ಮೇಲೆ ನಿಂತ್ಕೊಂಡು ಬಾಯಲ್ಲೇ ಹೇಳಿದೆ. ಹುಡುಗಿಗೆ ಮೂರ್ಛೆ ಬರುತ್ತೆ, ಮುಚ್ಚಿಟ್ಟು ಸಂಬಂಧ ತಂದಿದ್ದೆ, ಮನಸ್ಸು ತಡೀಲಿಲ್ಲ ಅಂತ. ನನ್ನ ಮಾವಂದಿರು, ಅತ್ತೆಯಂದಿರು, ನಮ್ಮಮ್ಮ, ಎಲ್ಲಾ ಅಲ್ಲೇ ಇದ್ರು. ನಮ್ಮಮ್ಮ ಏನಂದ್ಲು ಗೊತ್ತಾ? ನಮ್ಮೋರಿಗೇ ಮೋಸ ಮಾಡೋಕೆ ಬಂದೋಳು, ಇನ್ನು ನಮ್ಮ ಹೊಸಲು ತುಳೀಬೇಡ ಅಂದ್ಲು. ತುಳೀಲಿಲ್ಲ. ನಿಮ್ಮಣ್ಣನಿಗೆ ಮಾತ್ರ ನನ್ನ ಹೆಸರು ಹೇಳ್ಬೇಡಿ ಅಂತ ಕಾಲಿಗೆ ಬಿದ್ದೆ. ಅವರು ಕಾಗದ ಬಂತು ಅಂತ ಹೇಳಿಕಳಿಸಿದ್ರು. ಆ ಒಂದು ಉಪಕಾರ ಮಾಡಿದ್ರು."

ಸಂಡಿಗೆಯ ಸೀರೆಯ ಅಂಚಿನಲ್ಲಿ ನೆಲದ ಮೇಲೇ ಕೂತೆ. "ನನಗೆ ಯಾಕೆ ಹೇಳ್ಲಿಲ್ಲ ಅತ್ತಿಗೆ? ನಲವತ್ತಾರು ವರ್ಷ!"

"ಮೊದಲು ನಿನ್ನ ಬಾಯಿ ಸುಮ್ಮನಿರಲ್ಲ ಅಂತ. ಆಮೇಲೆ ನೀನು ಟೀಚರ್ ಟೀಚರ್ ಅಂತ ಕುಣೀತಿದ್ದೆ, ಕುಣೀಲಿ ಬಿಡು ಅಂತ. ಆ ಯಮ್ಮ ಒಳ್ಳೇವ್ರೇ. ನಿನ್ನ ಮದುವೆ ತಪ್ಪಿದ್ದು ಕೇಳಿ ಅವರಿಗೂ ಸಂತೋಷ ಆಗಿತ್ತು, ಅಷ್ಟೇ."

ಕೇಳಬಾರದಿತ್ತೇನೋ. ಆದರೆ ನಾಲಿಗೆ ಹಿಡಿಯುವ ಅಭ್ಯಾಸ ನನಗಿಲ್ಲ. "ಮತ್ತೆ ಅಷ್ಟು ಮಾಡಿದೋರು ನನಗೆ ಹಳಸಿದ ಅನ್ನ ಯಾಕೆ ಹಾಕಿದ್ರಿ?"

ಅತ್ತಿಗೆ ಮೊದಲ ಬಾರಿಗೆ ನನ್ನ ಮುಖ ನೋಡಿದರು. "ಹೊಟ್ಟೆ ಉರೀತಿತ್ತು ಕಣೇ. ಗೌರಿ ಹಬ್ಬ ಬಂದ್ರೆ ಬೀದಿ ಹೆಣ್ಮಕ್ಕಳೆಲ್ಲಾ ಹೊಸ ಸೀರೆ ಉಟ್ಕೊಂಡು ತವರಿಗೆ ಹೊರಡೋರು. ನಾನು ಒಲೆ ಮುಂದೆ. ನೀನು ಜಗಲಿ ಮೇಲೆ ಪುಸ್ತಕ ಹಿಡ್ಕೊಂಡು ಕಾಲು ಆಡಿಸ್ತಾ ಕೂತಿರ್ತಿದ್ದೆ. ಇವಳಿಂದಲೇ ಅಲ್ವಾ ಅನ್ನಿಸೋದು. ಮಾಡಿದ್ದು ನಾನೇ, ನೀನು ಮಾಡು ಅಂದಿರ್ಲಿಲ್ಲ. ಗೊತ್ತಿತ್ತು. ಗೊತ್ತಿದ್ರೂ ಉರೀತಿತ್ತು. ಆ ಅನ್ನ ಬೇಕೂಂತಲೇ ಹಾಕಿದ್ದು."

ನನಗೆ ಏನಾಗುತ್ತಿತ್ತೆಂದು ಸರಿಯಾಗಿ ಹೇಳಲಾರೆ. ಆ ಮುದುಕಿಯ ಕಾಲು ಹಿಡಿದುಕೊಳ್ಳಬೇಕು ಎನಿಸಿತು. ಅದೇ ಹೊತ್ತಿಗೆ ಹದಿನೆಂಟನೆಯ ವಯಸ್ಸಿನ ಆ ಹುಳಿವಾಸನೆಯ ತಟ್ಟೆ ಮೂಗಿನ ಹತ್ತಿರ ಬಂದಂತಾಯಿತು. ನಮ್ಮ ಮಾತಿನಲ್ಲಿ ಮನೆಯವರಿಗೆ ಉಪಕಾರವಾಯಿತು ಎಂದು ಹೇಳುವ ರೂಢಿಯೇ ಇಲ್ಲ. ಅಂಗಡಿಯವನಿಗೆ ಹೇಳುತ್ತೇವೆ, ಡಾಕ್ಟರಿಗೆ ಹೇಳುತ್ತೇವೆ. ಅತ್ತಿಗೆಗೆ ಹೇಗೆ ಹೇಳುವುದು? ನಾನು ಸೌಟು ತೆಗೆದುಕೊಂಡು ಸಂಡಿಗೆ ಇಡತೊಡಗಿದೆ. ನನ್ನವು ವಕ್ರವಕ್ರವಾಗಿ ಬಂದವು.

"ಅಣ್ಣ ಹೋದಾಗ ನಾನು ಆ ಮಾತು ಆಡಬಾರದಿತ್ತು," ಎಂದೆ.

"ಆಡಬಾರದಿತ್ತು," ಎಂದರು ಅತ್ತಿಗೆ. "ಸ್ವಲ್ಪ ತೆಳ್ಳಗೆ ಹರಡು. ಹಿಂಗೆ ಗುಪ್ಪೆ ಹಾಕಿದ್ರೆ ಒಣಗಲ್ಲ."

ಹೊರಡುವಾಗ ಕೇಳಿದೆ, "ಇದನ್ನೆಲ್ಲಾ ಪುಸ್ತಕದಲ್ಲಿ ಹಾಕಿಸ್ಲಾ?"

"ಹಾಕ್ಕೋ. ನಮ್ಮಮ್ಮನೂ ಇಲ್ಲ, ನಿಮ್ಮಣ್ಣನೂ ಇಲ್ಲ. ಅನ್ನದ ವಿಷಯ ಮಾತ್ರ ತೆಗೀಬೇಡ."

"ಯಾಕೆ? ಅದು ಬೇಡ ಅತ್ತಿಗೆ. ತೆಗೆದುಹಾಕ್ತೀನಿ."

"ತೆಗೆದ್ರೆ ನಾನು ದೇವರ ಥರ ಕಾಣ್ತೀನಿ. ಆಮೇಲೆ ಅದೂ ಉದುರುತ್ತೆ."

ಎರಡು ವಾರ ಕೂತು ನಲವತ್ತೊಂದನೆಯ ಪುಟವನ್ನು ಮತ್ತೆ ಬರೆದೆ. ಅದು ಕಷ್ಟವಾಗಲಿಲ್ಲ, ಅತ್ತಿಗೆ ಹೇಳಿದ್ದನ್ನು ಹೇಳಿದಂತೆಯೇ ಇಳಿಸಿದೆ. ಕಷ್ಟವಾದದ್ದು ಮೊದಲ ಪುಟ. ಕೃತಜ್ಞತೆಯ ಮಾತು ನಮ್ಮೂರಿನಲ್ಲಿ ಎಷ್ಟು ಸುಲಭವಾಗಿ ಉದುರುತ್ತದೆಂದು ಎಲ್ಲರಿಗೂ ಗೊತ್ತು. ಕೋಕಿಲಾ ಟೀಚರ ಬಗ್ಗೆ ನನಗೆ ಗೊತ್ತಿರಲಿಲ್ಲ, ತಪ್ಪಿದೆ. ಈಗ ಎಲ್ಲ ಗೊತ್ತಿದೆ. ಈಗ ಉದುರಿದರೆ ಅದು ನನ್ನ ತಿಳಿವಳಿಕೆಯ ತಪ್ಪಲ್ಲ, ನನ್ನ ಮನಸ್ಸಿನ ತಪ್ಪು. ಆ ಮುದುಕಿಯ ಎದುರು, ಊರ ಎದುರು, ನನ್ನ ಮನಸ್ಸಿನಲ್ಲಿ ಏನೂ ಇಲ್ಲವೆಂದು ಆಗಿಬಿಡುತ್ತದೆ. ಬರೆದೆ, ಹೊಡೆದೆ, ಬರೆದೆ. ಕೊನೆಗೆ ಮೂರು ಸಾಲು ಜುಬೇದಾಳ ಕೈಗೆ ಕೊಟ್ಟೆ.

'ನನ್ನ ಬದುಕು ನನ್ನ ಅತ್ತಿಗೆ ಚನ್ನಾಜಮ್ಮ ಕೊಟ್ಟದ್ದು. ಅದಕ್ಕಾಗಿ ಅವರಿಗೆ ನಾನು ಇಡೀ ಮನಸ್ಸಿನಿಂದ ಋಣಿ. ಅವರ ಮೇಲೆ ನನಗೆ ಈಗ ಯಾವ ಸಿಟ್ಟೂ ಇಲ್ಲ.'

ಜುಬೇದಾ ಓದಿ ನನ್ನನ್ನು ನೋಡಿದಳು. "ಮೂರನೇ ಸಾಲು ಬೇಕಾ ಅಕ್ಕಾ?"

"ಬೇಕು," ಎಂದೆ. "ಎರಡೇ ಸಾಲು ಹಾಕಿದ್ರೆ ಅರ್ಧ ಹೇಳಿದ ಹಾಗೆ."

ಎರಡನೆಯ ಸಲ ಬಿಸಿಲಿಗೆ ಹಾಕಿದ ದಿನ ಮೊದಲಿಗಿಂತ ಹೆಚ್ಚು ಜನ ಬಂದರು. ಅತ್ತಿಗೆ ಆಟೋದಲ್ಲಿ ಬಂದಿಳಿದರು. ಅವರಿ​ಗೆ ಕುರ್ಚಿ ಹಾಕಿದರೆ ಕೂರಲಿಲ್ಲ. "ಎಲ್ಲೇ ನನ್ನ ಹೆಸರಿರೋದು?" ಎಂದು ಕೇಳಿ, ನಾನು ಮೊದಲ ಪುಟ ತೋರಿಸಿದಾಗ ನೆಟ್ಟಗೆ ಹೋಗಿ ಅದರ ಕೆಳಗೆ ನಿಂತರು. ಓದು ಬಾರದ ಹೆಂಗಸು. ತಲೆಯೆತ್ತಿ ಆ ಮೂರು ಸಾಲನ್ನು ದೇವರ ಪಟ ನೋಡುವ ಹಾಗೆ ನೋಡಿದರು. ಆಮೇಲೆ ಸೆರಗನ್ನು ಎರಡೂ ಕೈಯಿಂದ ಅಗಲವಾಗಿ ಹಿಡಿದು ಪುಟದ ಕೆಳಗೆ ಚಾಚಿದರು.

"ಅತ್ತಿಗೆ, ಏನು ಮಾಡ್ತಿದೀರಿ?"

"ಬಿದ್ರೆ ನೆಲಕ್ಕೆ ಬೀಳೋದು ಬೇಡ. ನನಗೆ ಹೇಳಿದ್ದಲ್ವಾ? ನನ್ನ ಮಡಿಲಿಗೇ ಬೀಳ್ಲಿ."

ಹನ್ನೊಂದಾಯಿತು. ನಲವತ್ತೊಂದನೆಯ ಪುಟ ಅಲುಗಲಿಲ್ಲ. ಜಗಲಿ, ಮಗು, ಬಸ್ಸು, ಹೊಸಲು, ಎಲ್ಲ ಇದ್ದಲ್ಲೇ ಇತ್ತು. ಓದಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ಅತ್ತಿಗೆಯ ಪಕ್ಕದಲ್ಲಿ ನಿಂತರು. ಹನ್ನೆರಡು, ಒಂದು. ಅತ್ತಿಗೆಯ ಕೈ ಸೋತಿತ್ತು, ನಾನು ಸೆರಗಿನ ಒಂದು ತುದಿ ಹಿಡಿದುಕೊಂಡೆ. ಅವರು ಬೇಡವೆನ್ನಲಿಲ್ಲ. ನಮ್ಮವರು ಇಬ್ಬರಿಗೂ ಕೊಡೆ ಹಿಡಿಯಲು ಬಂದು, ಪುಟಕ್ಕೆ ನೆರಳು ಬೀಳುತ್ತದೆಂದು ಜುಬೇದಾಳಿಂದ ಬೈಸಿಕೊಂಡು ಹೋದರು.

ಎರಡೂವರೆಗೆ ಮೊದಲ ಅಕ್ಷರ ಬಿತ್ತು. ಆಮೇಲೆ ಇನ್ನೊಂದು. ಯಾವ ಸಾಲೆಂದು ನೋಡುವ ಧೈರ್ಯವಾಗಲಿಲ್ಲ. ಸೆರಗಿನ ಮೇಲೆ ಕಪ್ಪು ಕಾಳುಗಳು ಒಂದರ ಮೇಲೊಂದು ಸೇರುತ್ತಿದ್ದವು. ಅದು ನಿಂತ ಮೇಲೆ ತಲೆಯೆತ್ತಿದೆ. ಮೊದಲ ಸಾಲು ಇತ್ತು. ಎರಡನೆಯ ಸಾಲು ಇತ್ತು, 'ಇಡೀ ಮನಸ್ಸಿನಿಂದ' ಎಂಬುದೂ ಇತ್ತು. ಮೂರನೆಯ ಸಾಲು ಇರಲಿಲ್ಲ.

"ಎಷ್ಟು ಉಳೀತು?" ಎಂದರು ಅತ್ತಿಗೆ.

"ಎರಡು ಸಾಲು."

"ಓದು."

ಓದಿದೆ. ಅತ್ತಿಗೆ ಕೇಳಿಸಿಕೊಂಡು ತುಟಿ ಬಿಗಿಹಿಡಿದರು.

"ಬಿದ್ದಿದ್ದು ಏನು?"

ಊರೇ ನಿಂತಿತ್ತು. ಸುಳ್ಳು ಹೇಳಬಹುದಿತ್ತು, ಬಾಯಿಮಾತಿಗೆ ನಮ್ಮೂರಿನಲ್ಲಿ ಯಾವ ಅಡ್ಡಿಯೂ ಇಲ್ಲ. "ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಬರೆದಿದ್ದೆ ಅತ್ತಿಗೆ. ಅದು ಬಿತ್ತು."

ಅತ್ತಿಗೆ ಸೆರಗಿನಲ್ಲಿದ್ದ ಅಕ್ಷರಗಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ.

"ಮತ್ತೆ! ಹಳಸಿದ ಅನ್ನ ತಿಂದೋಳಿಗೆ ಸಿಟ್ಟಿಲ್ಲದೆ ಇರುತ್ತಾ?" ಎಂದು ಅವರು ಸೆರಗಿನ ತುದಿಯನ್ನು ನಿಧಾನವಾಗಿ ಮಡಿಸಿ, ಒಂದು ಕಾಳೂ ಚೆಲ್ಲದಂತೆ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇದು ನನ್ನ ಹತ್ರ ಇರ್ಲಿ. ನಿಜ ಆದ ದಿವಸ ಬಂದು ಕೇಳು, ವಾಪಸ್ ಕೊಡ್ತೀನಿ."

ಪುಸ್ತಕ ಇನ್ನೂರು ಪ್ರತಿ ಅಚ್ಚಾಯಿತು. ನಮ್ಮೂರಿನಲ್ಲಿ ಕೃತಜ್ಞತೆಯ ಮಾತು ಎರಡು ಸಾಲು ನಿಂತ ಪುಸ್ತಕ ಅದೊಂದೇ ಎಂದು ಜುಬೇದಾ ಬಂದವರಿಗೆಲ್ಲ ತೋರಿಸುತ್ತಾಳೆ. ನಾನು ವಾರಕ್ಕೆ ಎರಡು ಸಲ ಎಣ್ಣೆ ಗಾಣದ ಹಿಂದಿನ ಬೀದಿಗೆ ಹೋಗುತ್ತೇನೆ. ಅತ್ತಿಗೆಯ ಮಂಡಿಗೆ ಎಣ್ಣೆ ತಿಕ್ಕುತ್ತೇನೆ, ಜಗಳ ಆಡುತ್ತೇನೆ, ಬಿಸಿ ಬಿಸಿ ಅನ್ನ ಉಂಡು ಬರುತ್ತೇನೆ. ಆ ಗಂಟನ್ನು ಇನ್ನೂ ಕೇಳಿಲ್ಲ.